ಸಾಕಪ್ಪನ ಕೋಟು

ಎಡಗೈ ಹೇಗೋ ಕೋಟಿನ ತೋಳಿನೊಳಗೆ ಹೋಯಿತು, ಬಲಗೈ ಹೋಗಲಿಲ್ಲ. ಶವಪೆಟ್ಟಿಗೆ ಅಂಗಡಿಯವನು ಭುಜವನ್ನು ಒಂದಿಷ್ಟು ಎತ್ತಿದ, ಕೋಟಿನ ಬೆನ್ನನ್ನು ಒಂದಿಷ್ಟು ಜಗ್ಗಿದ, ಅಷ್ಟು ಚಳಿಯಲ್ಲೂ ಬೆವರಿದ. ಕೊನೆಗೆ ಅವನಿಗೇ ಪಾಪ ಅನ್ನಿಸಿರಬೇಕು, ಎಡಗೈಯನ್ನೂ ಮೆಲ್ಲಗೆ ಹೊರಗೆ ತೆಗೆದು ಮುದುಕನನ್ನು ಮತ್ತೆ ಮಲಗಿಸಿದ. ಮಂಚದ ಕಾಲ್ದೆಸೆಯಲ್ಲಿ ನಿಂತ ಮಗಳು ಇದನ್ನೆಲ್ಲ ತುಟಿ ಕಚ್ಚಿಕೊಂಡು ನೋಡುತ್ತಿದ್ದಳು.

“ಹೊಸ ಕೋಟು ಹೀಗೇ ಅಕ್ಕಾ, ಮೈ ಸೆಟೆದುಕೊಂಡ ಮೇಲೆ ಹಾಕೋಕೆ ಬರಲ್ಲ,” ಎಂದ ಅವನು. “ಬೆನ್ನಲ್ಲಿ ಮೇಲಿಂದ ಕೆಳಗೆ ಕತ್ತರಿ ಹಾಕಿಬಿಟ್ರೆ ಎರಡು ಹೋಳಾಗುತ್ತೆ. ಒಂದೊಂದು ಕಡೆಯಿಂದ ತೊಡಿಸಿ ಅಂಚನ್ನ ಅಡಿಗೆ ಮಡಿಸ್ತೀನಿ. ಮುಂದಿನಿಂದ ನೋಡಿದೋರಿಗೆ ಏನೂ ಗೊತ್ತಾಗಲ್ಲ.”

ದೊಡ್ಡ ದೊಡ್ಡವರಿಗೂ ಹೀಗೇ ಮಾಡುವುದು ಎಂದು ಸಮಾಧಾನ ಹೇಳಿದ. ಅದು ಬೇಡವೆಂದರೆ ಬಾಗಿಲ ಹಿಂದೆ ತೂಗುಹಾಕಿರುವ ಹಳೇ ಕೋಟು ಸಡಿಲವಾಗಿದೆ, ಅದಕ್ಕೆ ಕತ್ತರಿಯ ಕೆಲಸವೇ ಇಲ್ಲ ಎಂದೂ ಸೇರಿಸಿದ.

“ಹಳೇದು ಬೇಡ. ಕತ್ತರಿಸಿ,” ಎಂದಳು ಮಗಳು. “ಇದೊಂದನ್ನಾದ್ರೂ ಅಪ್ಪ ಇನ್ನೊಬ್ಬರಿಗೆ ಕೊಟ್ಟುಬಿಡೋಕೆ ಆಗಬಾರದು.”

ಗೋಡೆಗೊರಗಿ ಕೂತಿದ್ದ ಅಮ್ಮ ತಲೆಯೆತ್ತಿದಳು. ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಜಗ್ಗಾಡಿ ಕೋಟೆಲ್ಲ ಸುಕ್ಕಾಗಿದೆ, ಮೊದಲು ಇಸ್ತ್ರಿ ಆಗಲಿ, ಸುಕ್ಕು ಬಟ್ಟೆಯಲ್ಲಿ ಈ ಮನೆಯಿಂದ ಒಂದು ಕರವಸ್ತ್ರವೂ ಹೊರಗೆ ಹೋದದ್ದಿಲ್ಲ ಎಂದಳು. ಅದು ನಿಜ. ಅಪ್ಪನ ಗೆಳೆಯ ಉಗಿಮಾಮ ಮುಂದೆ ಬಂದು ಕೋಟನ್ನು ಎತ್ತಿಕೊಂಡು ಅಡುಗೆಮನೆಯ ಮೇಜಿನ ಕಡೆ ಹೋದ. ಪೆಟ್ಟಿಗೆಯವನು ಕತ್ತರಿಯನ್ನು ಕಿಟಕಿಯ ಕಟ್ಟೆ ಮೇಲಿಟ್ಟ. ಪಾದ್ರಿಗಳು ಬರುವಷ್ಟರಲ್ಲಿ ಮುಗಿದರಾಯಿತು ಎಂದು ಚಹಾ ಕುಡಿಯಲು ಹೊರಗೆ ಕೂತ.

*

ಸತ್ತವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಚರ್ಚಿನ ಪುಸ್ತಕದಲ್ಲಿ ಎಲ್ಲೋ ಇದೆ. ಬೀದಿಯಲ್ಲಿ ಮಾತ್ರ ಅವನು ಸಾಕಪ್ಪ. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸ. ಊರಿನ ಶ್ರೀಮಂತರ ಕೋಟುಗಳೆಲ್ಲ ಅವನ ಮೇಜಿನ ಮೇಲೆ ಮಲಗಿ, ಮೈ ಮುರಿದು, ಎದ್ದು ಹೋಗಿದ್ದವು. ಮೇಸ್ತ್ರಿ ಆಗ್ತೀಯಾ ಎಂದು ಯಜಮಾನರು ಕೇಳಿದಾಗ ಇಸ್ತ್ರಿ ಪೆಟ್ಟಿಗೆಯನ್ನೂ ಕೆಳಗಿಡದೆ “ಇದೇ ಸಾಕಪ್ಪ” ಅಂದಿದ್ದ. ನಾವೆಲ್ಲ ಸೋತು ಸುಣ್ಣವಾದಾಗ ಆಡುವ ಮಾತು ಅದು. ಇವನು ಹೊಟ್ಟೆ ತುಂಬಿದವನು ತಟ್ಟೆಗೆ ಕೈ ಅಡ್ಡ ಹಿಡಿದ ಹಾಗೆ ಅನ್ನುತ್ತಿದ್ದ. ಪಕ್ಕದ ಮೇಜಿನಲ್ಲಿ ಉಗಿಯಂತ್ರ ಒತ್ತುತ್ತಿದ್ದ ಗೆಳೆಯನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನಿಗೆ ಉಗಿಮಾಮ ಎಂದು ಹೆಸರು ಬಿದ್ದದ್ದು ಯಂತ್ರದ ದೆಸೆಯಿಂದಲೋ, ದಿನಾ ಸಾಕಪ್ಪನಿಗೆ ಉಗಿಯುತ್ತಿದ್ದುದರಿಂದಲೋ ಹೇಳುವುದು ಕಷ್ಟ.

ದೇವರ ಹತ್ತಿರವೂ ಸಾಕಪ್ಪನದು ಅದೇ ವ್ಯವಹಾರ. ಬೆಳಿಗ್ಗೆ ಮೊಣಕಾಲೂರಿ ಆ ದಿನದ ಊಟ ಕೇಳುತ್ತಿದ್ದ. ಆರೋಗ್ಯಾನೂ ಕೇಳಿಬಿಡಿ, ಮುಂದಿನ ವರ್ಷದ್ದೂ ಕೇಳಿಬಿಡಿ ಎಂದು ಹೆಂಡತಿ ಪಕ್ಕದಿಂದ ತಿವಿದರೆ, “ಇವತ್ತಿನದು ಕೇಳಿದ್ದೀನಿ ಕಣೇ. ನಾಳೆ ಅವನೂ ಇಲ್ಲೇ ಇರ್ತಾನೆ, ನಾನೂ ಇರ್ತೀನಿ” ಎಂದು ಎದ್ದುಬಿಡುತ್ತಿದ್ದ. ಇವತ್ತು ಸಾಕಪ್ಪ ಇರಲಿಲ್ಲ, ಆ ಮಾತು ಬೇರೆ.

ಮಗಳಿಗೆ ಮಾತ್ರ ಅಪ್ಪನ ಈ ಸಾಕು ಸಣ್ಣಂದಿನಿಂದಲೇ ಸಾಕಾಗಿತ್ತು. ಶಾಲೆಯ ವಾರ್ಷಿಕೋತ್ಸವಕ್ಕೆ ಗೆಳತಿಯರೆಲ್ಲ ಹೊಸ ಫ್ರಾಕು ಹೊಲಿಸಿಕೊಂಡಾಗ, ಅಪ್ಪ ಹಳೇ ಫ್ರಾಕಿನ ಅಂಚು ಬಿಚ್ಚಿ ಉದ್ದ ಮಾಡಿಸಿ ತಂದು, ರಾತ್ರಿ ಕೂತು ಇಸ್ತ್ರಿ ಹಾಕಿದ. ನೆರಿಗೆ ಒಂದೊಂದೂ ಗೆರೆ ಎಳೆದ ಹಾಗೆ ನಿಂತವು. ನೋಡು, ಅಂಗಡಿಯದಕ್ಕಿಂತ ಚೆನ್ನಾಗಿದೆ ಎಂದು ಹಿಗ್ಗಿದ. ಆದರೆ ಅಂಚು ಬಿಚ್ಚಿದ ಜಾಗದಲ್ಲಿ ಒಂದು ಗೆರೆ ಉಳಿಯುತ್ತದೆ, ಎಂಥ ಇಸ್ತ್ರಿಗೂ ಅದು ಹೋಗುವುದಿಲ್ಲ. ಸಾಲಿನಲ್ಲಿ ಹಿಂದೆ ನಿಂತವಳು ಅದನ್ನು ಬೆರಳಿಟ್ಟು ಪಕ್ಕದವಳಿಗೆ ತೋರಿಸಿದಳು. ಮಗಳು ಆವತ್ತೇ ನಿರ್ಧಾರ ಮಾಡಿದಳು, ದೊಡ್ಡವಳಾದ ಮೇಲೆ ನನ್ನ ಹತ್ತಿರ ಬಟ್ಟೆಗಳೇ ಬಟ್ಟೆಗಳು ಇರಬೇಕು ಎಂದು.

ಇದ್ದವು. ಈಗ ಗಂಡ ಹೆಂಡತಿ ಸೇರಿ ಮೂರಂತಸ್ತಿನ ಬಟ್ಟೆ ಅಂಗಡಿ ನಡೆಸುತ್ತಾರೆ. ಮನೆಯಲ್ಲಿ ಬೀರುವಿನ ಬಾಗಿಲು ತೆಗೆದರೆ ಬಟ್ಟೆ ಮೈಮೇಲೆ ಬೀಳುತ್ತದೆ, ಅದರ ಮುಂದೆ ನಿಂತು ಹಾಕಿಕೊಳ್ಳೋಕೆ ಒಂದೂ ಇಲ್ಲ ಅನ್ನುತ್ತಾಳೆ. ಇವತ್ತು ಬೆಳಿಗ್ಗೆಯೂ ಕಪ್ಪು ಬಟ್ಟೆಗಳಲ್ಲಿ ಯಾವುದು ಉಡುವುದೆಂದು ತೋಚದೆ ಹೊತ್ತು ಕಳೆದು, ಆಮೇಲೆ ನಾಚಿಕೆಯಾಗಿ ಕೈಗೆ ಸಿಕ್ಕಿದ್ದನ್ನು ಉಟ್ಟು ಬಂದಿದ್ದಳು.

ತವರಿಗೆ ಬಂದಾಗಲೆಲ್ಲ ಅಪ್ಪನಿಗೆ ಏನಾದರೊಂದು ತರುತ್ತಿದ್ದಳು. ಮರದ ಹ್ಯಾಂಗರಿಗೆ ಹಾಕಿ, ಮೇಲೆ ಕವರು ತೊಡಿಸಿ ತರುತ್ತಿದ್ದಳು. ಅವನು ಖುಷಿಯಿಂದ ತಗೊಳ್ಳುತ್ತಿದ್ದ, ಆ ಭಾನುವಾರ ಚರ್ಚಿಗೆ ಹಾಕಿಕೊಂಡು ಹೋಗುತ್ತಿದ್ದ, ನನ್ನ ಮಗಳು ತಂದದ್ದು ಎಂದು ಪಾದ್ರಿಗಳಿಗೆ ಒಳಗಿನ ಅಸ್ತರು ಕೂಡ ತೋರಿಸುತ್ತಿದ್ದ. ಮುಂದಿನ ಭಾನುವಾರ ಅದು ಬೇರೆ ಯಾರದೋ ಮೈಮೇಲೆ. ಸಾಕಪ್ಪ ತನ್ನ ಮದುವೆಯ ಕೋಟಿನಲ್ಲಿ.

ಹೋದ ಚಳಿಗಾಲದಲ್ಲಿ ಅವಳು ಕೇಳಿಯೇಬಿಟ್ಟಳು. ಯಾಕಪ್ಪ ಹೀಗೆ?

“ಎರಡಿದ್ರೆ ಬೆಳಿಗ್ಗೆ ಎದ್ದು ಯಾವುದು ಹಾಕ್ಕೊಳ್ಳೋದು ಅಂತ ಯೋಚನೆ ಮಾಡಬೇಕಲ್ಲ ಪುಟ್ಟಿ,” ಎಂದು ಅಪ್ಪ ನಕ್ಕ. “ಆ ತಾಪತ್ರಯ ನಂಗ್ಯಾಕೆ?”

ಅವಳು ನಗಲಿಲ್ಲ. “ನಾನು ಕೊಟ್ಟಿದ್ದು ಬೇಡ ಅಂದ್ರೆ ನಾನೂ ಬೇಡ ಅಂತಲೇ ಅಲ್ವಾ?”

ಅಪ್ಪನ ನಗು ಅಲ್ಲೇ ನಿಂತಿತು. ಏನೋ ಹೇಳಲು ಬಾಯಿ ತೆರೆದ. ಅವಳು ಚಹಾ ಕುಡಿಯದೆ ಎದ್ದು ಬಾಗಿಲು ದೂಡಿಕೊಂಡು ಹೊರಟಳು. ಆಮೇಲೆ ಫೋನಿನಲ್ಲಿ ಊಟ ಆಯ್ತಾ, ಆಯ್ತು, ಅಷ್ಟೇ. ಆ ಪ್ರಶ್ನೆಗೆ ಉತ್ತರ ಬರುವ ಮೊದಲೇ ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ರಾತ್ರಿಯೆಲ್ಲ ಅವಳಿಗೆ ಇದ್ದದ್ದು ಒಂದೇ ಹಟ. ಅಪ್ಪ ನನ್ನ ಕೋಟು ಹಾಕಿಕೊಂಡೇ ಹೋಗಬೇಕು. ಅದಕ್ಕೇ ಬೆಳಿಗ್ಗೆ ಬರುವಾಗ ಅಂಗಡಿಯಿಂದ ಹೊಸ ಕಪ್ಪು ಕೋಟೊಂದನ್ನು ತಂದಿದ್ದಳು.

*

ಜನ ಬರತೊಡಗಿದರು. ಒಂದೇ ಕೋಣೆಯ ಮನೆ, ಹಿಂದೆ ಅಡುಗೆಮನೆ. ಬಾಗಿಲು ತೆಗೆದಾಗಲೆಲ್ಲ ಅದರ ಹಿಂದಿನ ಕಬ್ಬಿಣದ ಸರಳಿನಲ್ಲಿ ನೇತುಹಾಕಿದ್ದ ಹ್ಯಾಂಗರುಗಳು ಒಂದಕ್ಕೊಂದು ತಾಗಿ ಕಟಕಟ ಅನ್ನುತ್ತಿದ್ದವು. ಅವಳದೇ ಅಂಗಡಿಯ ಮರದ ಹ್ಯಾಂಗರುಗಳು, ಎಲ್ಲ ಖಾಲಿ. ಕೊನೆಯ ತಂತಿಯ ಹ್ಯಾಂಗರಿನಲ್ಲಿ ಮಾತ್ರ ಆ ಮದುವೆಯ ಕೋಟು. ಸದ್ದು ಕೇಳಿದಾಗಲೆಲ್ಲ ಅವಳಿಗೆ ಅಣಕಿಸಿದ ಹಾಗಾಗುತ್ತಿತ್ತು.

ಮೊದಲು ಬಂದವನು ಲಾಂಡ್ರಿಯ ರಾತ್ರಿ ಕಾವಲುಗಾರ. ಮೈಮೇಲೆ ನೀಲಿ ಸ್ವೆಟರು. ಬಣ್ಣ ನೋಡಿದ್ದೇ ಅವಳಿಗೆ ಗುರುತು ಸಿಕ್ಕಿತು. ಅವನೂ ಅವಳನ್ನು ಗುರುತು ಹಿಡಿದು ಹತ್ತಿರ ಬಂದ.

“ನೀವೇ ಅಲ್ವಾ ಸ್ವೆಟರಮ್ಮ?” ಎಂದ. ನಮ್ಮ ಮನೆಯಲ್ಲಿ ನಿಮ್ಮನ್ನು ಹಾಗೇ ಕರೆಯುವುದು, ತಪ್ಪು ತಿಳಿಯಬೇಡಿ ಎಂದ. “ಥ್ಯಾಂಕ್ಸ್ ಹೇಳೋಕೆ ಹೋದ್ರೆ ಸಾಕಪ್ಪ ತಗೋತಾನೇ ಇರಲಿಲ್ಲ. ನಂಗ್ಯಾಕೆ ಹೇಳ್ತೀಯ, ನನ್ನ ಮಗಳಿಗೆ ಹೇಳು ಅಂತಿದ್ದ. ನೀವು ಇವತ್ತು ಸಿಕ್ಕಿದ್ರಿ.”

ಹೀಗೆ ಹೇಳಿ ಅವನು ಸತ್ತವನ ಕಾಲು ಮುಟ್ಟಿ ಬಿಕ್ಕಿದ. ಆಮೇಲೆ ಬಂದ ಶಾಲೆಯ ಆಯಾ ಅವಳ ಎರಡೂ ಕೈ ಹಿಡಿದುಕೊಂಡಳು, ಹೊದ್ದ ಕೆಂಪು ಶಾಲಿನಲ್ಲೇ ಕಣ್ಣೊರೆಸಿಕೊಂಡಳು. ಚಿಕ್ಕಪ್ಪ ಒಬ್ಬ ಮಾತ್ರ ಮೂಲೆಯಲ್ಲಿ ಗೊಣಗುತ್ತಿದ್ದ. ಊರಿಗೆಲ್ಲ ಉಡಿಸಿದ ಪುಣ್ಯಾತ್ಮ, ಒಡಹುಟ್ಟಿದ ತಮ್ಮ ಬಾಯಿಬಿಟ್ಟು ಕೇಳಿದರೂ ಒಂದು ಕಾಲುಚೀಲ ಕೊಡಲಿಲ್ಲ ಎಂದು. ಚಿಕ್ಕಪ್ಪನ ಬೀರುವಿನಲ್ಲಿ ಕಾಲುಚೀಲಗಳೇ ಒಂದು ಖಾನೆ ತುಂಬ ಇವೆ ಎಂದು ಬಂದವರಿಗೆಲ್ಲ ಗೊತ್ತಿತ್ತು.

ಮಗಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಇವರಿಗೆಲ್ಲ ನಾನು ಗೊತ್ತು, ಅಪ್ಪನಿಗೇ ಗೊತ್ತಾಗಲಿಲ್ಲ ಅನ್ನಿಸಿತು. ಮತ್ತೆ ಬಾಗಿಲು ತೆರೆಯಿತು, ಮತ್ತೆ ಕಟಕಟ. ಅವಳು ಹೋಗಿ ಅಮ್ಮನ ಪಕ್ಕ ಕುಸಿದು ಕೂತಳು.

“ಈ ಖಾಲಿ ಹ್ಯಾಂಗರುಗಳನ್ನೆಲ್ಲ ಯಾಕಮ್ಮ ಇಟ್ಕೊಂಡಿದ್ದೀರಿ? ಬಟ್ಟೆ ಕೊಟ್ಟ ಮೇಲೆ ಇದನ್ನೂ ಕೊಡಬಹುದಿತ್ತಲ್ಲ.”

ಅಮ್ಮ ಅವಳ ಮುಖ ನೋಡಿದಳು. “ಅದನ್ನ ಮುಟ್ಟೋಕೂ ಬಿಡ್ತಿರಲಿಲ್ಲ ಕಣೇ ನಿಮ್ಮಪ್ಪ. ಅದೇ ಅವರ ಸಂಜೆ ಪ್ರಾರ್ಥನೆ.”

ಕೆಲಸದಿಂದ ಬಂದು ಕೈಕಾಲು ತೊಳೆದು ಸಾಕಪ್ಪ ಬಾಗಿಲ ಹಿಂದೆ ನಿಲ್ಲುತ್ತಿದ್ದನಂತೆ. ದಿನವೆಲ್ಲ ನಿಂತ ಕಾಲು, ಕೂತುಕೊಂಡು ಮಾಡಿ ಎಂದರೆ ಕೇಳುತ್ತಿರಲಿಲ್ಲ. ಈ ತುದಿಯಿಂದ ಒಂದೊಂದೇ ಹ್ಯಾಂಗರು ಹಿಡಿಯುತ್ತಿದ್ದ. ಇದು ಸ್ವೆಟರು, ಕಾವಲುಗಾರ ಬೆಚ್ಚಗಿರಲಿ, ಕೊಟ್ಟ ನನ್ನ ಮಗಳು ಚೆನ್ನಾಗಿರಲಿ. ಇದು ಶಾಲು, ಆಯಾ ಬೆಚ್ಚಗಿರಲಿ, ಕೊಟ್ಟ ನನ್ನ ಮಗಳು ಚೆನ್ನಾಗಿರಲಿ. ಕೊನೆಯವರೆಗೂ ಹೀಗೇ.

“ಅವರಿಗೆಲ್ಲ ಒಂದೊಂದೇ ಸಲ,” ಎಂದಳು ಅಮ್ಮ. “ನಿಂಗೆ ಮಾತ್ರ ಅಷ್ಟೂ ಸಲ. ಇದನ್ನ ಅವಳಿಗೆ ಹೇಳ್ರೀ, ಮುನಿಸಿಕೊಂಡು ಹೋಗಿದ್ದಾಳೆ ಅಂದೆ. ಫೋನಲ್ಲಿ ಹೇಳೋ ಮಾತಲ್ಲ, ಬರ್ತಾಳಲ್ಲ, ಇಲ್ಲೇ ನಿಲ್ಲಿಸಿ ತೋರಿಸ್ತೀನಿ ಅಂದ್ರು.”

ಮಗಳು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅಂಚು ಬಿಚ್ಚಿದ ಫ್ರಾಕಿನ ಹುಡುಗಿಯ ಹಾಗೆ, ಎಲ್ಲರಿಗೂ ಕೇಳುವಂತೆ ಅತ್ತಳು.

*

ಉಗಿಮಾಮ ಅಡುಗೆಮನೆಯಿಂದ ಕೋಟು ಹಿಡಿದು ಬಂದ. ಒಂದೂ ಸುಕ್ಕಿರಲಿಲ್ಲ. ಪಾದ್ರಿಗಳೂ ಬಂದಾಗಿತ್ತು. ಪೆಟ್ಟಿಗೆಯವನು ಚಹಾ ಲೋಟ ಇಟ್ಟು ಕತ್ತರಿ ಎತ್ತಿಕೊಂಡ. ಕೋಟನ್ನು ಮಂಚದ ಅಂಚಿಗೆ ಬೋರಲು ಹಾಸಿ, ಕಾಲರಿನ ನಡುವೆ ಕತ್ತರಿಯ ಬಾಯಿ ಇಟ್ಟು, ಒಂದು ಸಲ ಮಗಳ ಕಡೆ ನೋಡಿದ.

“ಬೇಡ ಅಣ್ಣಾ,” ಎಂದಳು ಅವಳು.

ಎದ್ದು ಹೋಗಿ ಬಾಗಿಲ ಹಿಂದಿನ ಹಳೇ ಕೋಟನ್ನು ತಾನೇ ತೆಗೆದಳು. ಮೊಣಕೈಯಲ್ಲಿ ಅಮ್ಮ ಹಾಕಿದ ತೇಪೆ ಇತ್ತು, ಕಾಲರಿನಲ್ಲಿ ಇಸ್ತ್ರಿಯ ಬಿಸಿಯ ವಾಸನೆ ಇತ್ತು. ಇದಕ್ಕೂ ಒಂದು ಕೈ ಇಸ್ತ್ರಿ ಹಾಕಿ ಮಾಮ ಎಂದಳು. ಅವನು ಒಳಗೆ ಹೋಗಿ ತುಸು ಹೆಚ್ಚೇ ಹೊತ್ತು ತಗೊಂಡ, ಮೂಗು ಒರೆಸಿಕೊಳ್ಳುವ ಸದ್ದು ಹೊರಗೂ ಕೇಳಿತು. ಆಮೇಲೆ ಪೆಟ್ಟಿಗೆಯವನಿಗೆ ಕಷ್ಟವೇ ಆಗಲಿಲ್ಲ. ಎಡಗೈ ಹೋಯಿತು, ಬಲಗೈಯೂ ಹೋಯಿತು. ಮಗಳು ಬಾಗಿ ಗುಂಡಿ ಹಾಕಿದಳು.

ಪೆಟ್ಟಿಗೆ ಎತ್ತುವ ಹೊತ್ತಾಯಿತು. ಮುಂದಿನ ಹೆಗಲು ಉಗಿಮಾಮನದು. ಉಗಿಯಂತ್ರದ ಮುಂದೆ ನಿಂತು ನಿಂತು ಅವನಿಗೆ ತೆಳು ಅಂಗಿಯೇ ಅಭ್ಯಾಸ, ಅದರಲ್ಲೇ ಓಡಿ ಬಂದಿದ್ದ. ಹೊರಗೆ ಗಾಳಿ ಕೊರೆಯುತ್ತಿತ್ತು. ಮಗಳು ಹೊಸ ಕೋಟನ್ನು ಎರಡೂ ಭುಜ ಹಿಡಿದು ಅವನ ಹಿಂದೆ ನಿಂತಳು.

ಅವನು ತಿರುಗಿ ನೋಡಿ ಕೈ ಅಲ್ಲಾಡಿಸಿದ. “ಬೇಡ ಪುಟ್ಟೀ. ‘ಹುಡುಗಿ ಪ್ರೀತಿಯಿಂದ ತಂದದ್ದು, ನೀನೇ ಹಾಕ್ಕೋ, ನಂಗೆ ಮಾತ್ರ ಕೊಡೋಕೆ ಬರಬೇಡ’ ಅಂತ ನಿಮ್ಮಪ್ಪನ ಹತ್ರ ಎಷ್ಟು ಜಗಳ ಆಡಿದ್ದೀನಿ ಗೊತ್ತಾ? ಊರಲ್ಲಿ ಒಬ್ಬನಾದ್ರೂ ನಿನ್ನ ಕಡೆ ಇರಲಿ ಅಂತ.”

“ಅಪ್ಪ ಕೊಡ್ತಿಲ್ಲ ಮಾಮ,” ಎಂದಳು ಅವಳು. “ನಾನು ಕೊಡ್ತಿರೋದು.”

ಉಗಿಮಾಮ ಉಗಿಯುವುದು ಬಿಟ್ಟು ಬೆನ್ನು ತಿರುಗಿಸಿ ಎರಡೂ ಕೈಗಳನ್ನು ಹಿಂದಕ್ಕೆ ಚಾಚಿದ. ಮೂಲೆಯಿಂದ ಚಿಕ್ಕಪ್ಪ, ಇದಾದರೂ ನನಗೆ ಬರಬಹುದು ಅಂದುಕೊಂಡಿದ್ದೆ ಎಂದು ನಿಟ್ಟುಸಿರು ಬಿಟ್ಟ. ಅಮ್ಮನಿಗೆ ಆ ದಿನದಲ್ಲಿ ಮೊದಲ ಸಲ ನಗು ಬಂತು.

ಸ್ಮಶಾನದಲ್ಲಿ ಮಣ್ಣು ಹಾಕುವಾಗ ಕೊಳೆಯಾಗುತ್ತದೆಂದು ಉಗಿಮಾಮ ಕೋಟು ಬಿಚ್ಚಲು ಹೋದ, ಮಗಳು ಬಿಡಲಿಲ್ಲ. ಪಾದ್ರಿಗಳು ಪ್ರಾರ್ಥನೆ ಮುಗಿಸಿದ ಮೇಲೂ ಯಾರೂ ಬೇಗ ಕದಲಲಿಲ್ಲ. ಮುಂದೆ ಆ ಕಪ್ಪು ಕೋಟು, ಹಿಂದೆ ನೀಲಿ ಸ್ವೆಟರು, ಕೆಂಪು ಶಾಲು, ಇನ್ನೂ ಏನೇನೋ, ಗೇಟಿನಿಂದ ಬೀದಿಗೆ ಇಳಿದು ತಂತಮ್ಮ ಮನೆಗಳ ಕಡೆ ಚದುರಿ ಹೋದವು.

*

ಸಂಜೆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಗಂಡ ಅಂಗಡಿ ಬೀಗ ಹಾಕಿ ಕರೆದೊಯ್ಯಲು ಬರುವವನಿದ್ದ, ಇವತ್ತು ಇಲ್ಲೇ ಇರ್ತೀನಿ ಎಂದು ಅವಳು ಫೋನು ಮಾಡಿದಳು. ಮಂಚ ಬರಿದಾಗಿತ್ತು. ಹೊಸ ಕೋಟು ತಂದ ಹ್ಯಾಂಗರು ಅದರ ಮೇಲೆ ಹಾಗೇ ಬಿದ್ದಿತ್ತು. ಎತ್ತಿಕೊಂಡು ಬಾಗಿಲ ಹಿಂದೆ ಹೋದಳು. ಮದುವೆಯ ಕೋಟಿನ ತಂತಿ ಹ್ಯಾಂಗರು ಕೂಡ ಈಗ ಖಾಲಿ. ಅದರ ಪಕ್ಕ ಇದನ್ನು ಸಿಕ್ಕಿಸಿದಳು, ಉಳಿದವುಗಳ ಕೊಕ್ಕೆ ಯಾವ ಕಡೆಗಿತ್ತೋ ಅದೇ ಕಡೆಗೆ.

ಕೈ ತೆಗೆಯಲು ಮನಸ್ಸಾಗಲಿಲ್ಲ. “ಇದು ಕೋಟು,” ಎಂದಳು ಮೆಲ್ಲಗೆ. “ಉಗಿಮಾಮ ಬೆಚ್ಚಗಿರಲಿ.”

ಅಲ್ಲಿಗೆ ನಿಲ್ಲಿಸಿದಳು. ಮುಂದಿನ ಮಾತು ಅವಳು ಹೇಳುವಂಥದ್ದಲ್ಲ.

“ಕೊಟ್ಟ ನನ್ನ ಮಗಳು ಚೆನ್ನಾಗಿರಲಿ,” ಎಂದಳು ಅಮ್ಮ, ಕೂತಲ್ಲಿಂದಲೇ.

ಅಷ್ಟರಲ್ಲಿ ಉಗಿಮಾಮ ಬಾಗಿಲು ದೂಡಿಕೊಂಡು ಒಳಗೆ ಬಂದ. ಇಬ್ಬರಿಗೂ ಊಟ ತಂದಿದ್ದ. ಸರಳಿನ ಹ್ಯಾಂಗರುಗಳೆಲ್ಲ ಒಟ್ಟಿಗೆ ಕಟಕಟ ಅಂದವು, ಹೊಸದೂ ಅವುಗಳ ಜೊತೆ ಅಂದಿತು, ಆಮೇಲೆ ಒಂದೊಂದಾಗಿ ತೂಗುವುದು ನಿಂತು ಸುಮ್ಮನಾದವು.