ಗೋಡೆಯ ಹಿಂದಿನ ತಕ್ಕಡಿ ಮಾಸ್ಟರು

ತಕ್ಕಡಿ ಮಾಸ್ಟರು ಯಾರ ಮುಖವನ್ನೂ ನೆಟ್ಟಗೆ ನೋಡಿದವರಲ್ಲ. ಎದುರು ನಿಂತವರ ಬೆರಳುಗಳನ್ನು ನೋಡುತ್ತಲೇ ‘ಚೆನ್ನಾಗಿದ್ದೀರಾ?’ ಎನ್ನುವರು. ಬಂಡೆ ಹತ್ತುವ ಆಟಕ್ಕೆಂದು ಸೂರಿನಡಿ ಕಟ್ಟಿದ ಗೋಡೆಯ ಹಿಂದೆ, ಮರದ ಹಲಗೆಗೂ ಕಟ್ಟಡಕ್ಕೂ ನಡುವಣ ಇಕ್ಕಟ್ಟಿನಲ್ಲಿ ಏಡಿಯಂತೆ ಓಡಾಡಿ ಓಡಾಡಿ, ಬಯಲಿನಲ್ಲೂ ಅವರದು ಅದೇ ಓರೆ ನಡಿಗೆ. ಬಣ್ಣಬಣ್ಣದ ಹಿಡಿಗಳ ಬೆನ್ನಿಗೆ ಸೆನ್ಸರ್ ಕೂರಿಸಿ, ಹತ್ತುವವರ ಯಾವ ಕೈ ಎಷ್ಟು ಭಾರ ಹೊತ್ತಿತು, ಯಾವ ಕಾಲು ಮೈಗಳ್ಳತನ ಮಾಡಿತು ಎಂಬುದನ್ನು ಪರದೆಯ ಗೆರೆಗಳಲ್ಲಿ ಓದುವುದು ಅವರ ಕಾಯಕ. ಮುಂಭಾಗದಲ್ಲಿ ನಗು, ಕೇಕೆ, ಚಪ್ಪಾಳೆ. ಹಿಂಭಾಗದಲ್ಲಿ ಮೊಣಕೈ ಸವೆದ ಬೂದು ಕೋಟಿನೊಳಗೆ ಇವರೊಬ್ಬರೇ. ಚಹಾಕ್ಕೆ ಕರೆದರೆ ‘ಆಮೇಲೆ ಬರ್ತೀನಿ’ ಎನ್ನುವರು. ಆ ‘ಆಮೇಲೆ’ ಬಂದದ್ದನ್ನು ಕಂಡವರಿಲ್ಲ.

ಅವರ ಮಗಳೂ ಅದೇ ಗೋಡೆ ಹತ್ತುತ್ತಿದ್ದಳು. ಅಪ್ಪ ಅಮ್ಮ ಬೇರೆಯಾದ ಮೇಲೆ ಅಮ್ಮನ ಬಳಿ ಬೆಳೆದವಳು. ಅಪ್ಪನೊಡನೆ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಅವಳು ಹತ್ತುವಾಗ ಏಳುವ ಗೆರೆಗಳೇ ಮಾಸ್ಟರ ಪಾಲಿಗೆ ಮಗಳ ಯೋಗಕ್ಷೇಮದ ಸಮಾಚಾರ. ಆ ಹೊತ್ತಿನಲ್ಲಿ ಅವರು ಉಸಿರನ್ನೂ ಸದ್ದಾಗದಂತೆ ಬಿಡುತ್ತಿದ್ದರು.

ತಂಡದ ಆಯ್ಕೆ ಹತ್ತಿರವಾದಾಗ ಅವಳ ಎಡಗೈಯ ಗೆರೆ ಕುಗ್ಗತೊಡಗಿತು. ಮಾಸ್ಟರು ಸೆನ್ಸರನ್ನು ಶಂಕಿಸಿದರು. ಬಿಚ್ಚಿದರು, ಒರೆಸಿದರು, ತೂಕದ ಬಟ್ಟು ತೂಗುಹಾಕಿ ನೋಡಿದರು, ಕಡೆಗೆ ಹೊಸದನ್ನೇ ಕೂರಿಸಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಪುಣ್ಯಾತ್ಮರೋ, ಕುಣಿಯುವವಳ ಕಾಲು ನೋಡದೆ ನೆಲವನ್ನೇ ಅಗೆಯುತ್ತ ಕೂತರು!

ಒಂದು ಸಂಜೆ ಬೇರೊಬ್ಬಳು ಅದೇ ಹಿಡಿಗೆ ಜೋತುಬಿದ್ದಳು. ಗೆರೆ ಸರ್ರನೆ ಮೇಲೇರಿತು. ಕೆಟ್ಟದ್ದು ಯಂತ್ರವಲ್ಲ, ಮಗಳ ಬೆರಳು! ಅವರು ಮುಂಭಾಗಕ್ಕೆ ಓಡಿ ಬರುವಷ್ಟರಲ್ಲಿ ಮಗಳ ಸರದಿ ಬಂದು ಮುಗಿದಿತ್ತು. ಕೆಳಗಿನ ಹಾಸಿನ ಮೇಲೆ ಅವಳು ಬೆರಳನ್ನು ಒತ್ತಿ ಹಿಡಿದು ಕುಳಿತಿದ್ದಳು. ಒಳಗಿನ ಸ್ನಾಯುರಜ್ಜು ಹರಿದಿತ್ತು. ಆಯ್ಕೆಯ ಆಸೆ ಅಲ್ಲಿಗೆ ಮುಗಿಯಿತು.

‘ಮೊದ್ಲೇ ಕಾಣಿಸ್ತಿತ್ತಮ್ಮ... ಸೆನ್ಸರ್ ಕೆಟ್ಟಿದೆ ಅಂದ್ಕೊಂಡೆ.’

‘ಹಲಗೆ ಆಚೆಗೇ ಇದ್ನಲ್ಲಪ್ಪಾ ನಾನು. ನೋಯ್ತಿದ್ಯಾ ಅಂತ ಒಂದು ಮಾತು ಕೇಳ್ಬಾರದಿತ್ತಾ? ಯಾರಾದ್ರೂ ಕೇಳಿದ್ರೆ ನಿಲ್ಲಿಸ್ಬಿಡ್ತಿದ್ದೆ.’

ಅವಳು ಮತ್ತೆ ಆ ಗೋಡೆಯತ್ತ ಬರಲಿಲ್ಲ.

ಲೋಕದಲ್ಲಿ ಇಂಥವರು ಬಹಳ ಮಂದಿ. ಪ್ರೀತಿಯಿಲ್ಲದವರಲ್ಲ, ಪ್ರೀತಿಪಾತ್ರರ ಸಣ್ಣ ಕಂಪನವನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾಯುವವರೇ. ಕಂಡದ್ದನ್ನು ನಂಬುವ ಮುನ್ನ ನೂರು ಬಗೆಯಲ್ಲಿ ಒರೆಗೆ ಹಚ್ಚುತ್ತಾರೆ, ಬಾಯಿಬಿಟ್ಟು ಕೇಳುವುದೊಂದನ್ನು ಬಿಟ್ಟು. ಅವರಿಗೆ ಖಾತ್ರಿಯಾಗುವ ಹೊತ್ತಿಗೆ, ಉತ್ತರ ಹೇಳಬೇಕಾದವರು ಎದ್ದು ಹೋಗಿರುತ್ತಾರೆ.