ಚಾವಡಿಯಲ್ಲಿ ಬೋರಪ್ಪ ಓಗೊಟ್ಟದ್ದು

ಎರಡನೇ ಮಹಾಯುದ್ಧದ ಕಾಲ. ಬೆಳೆ ಹೆಚ್ಚಿಸಿ ಎಂದು ಮೈಸೂರು ಸರ್ಕಾರ ಬಾವಿ ತೋಡುವ ರೈತರಿಗೆ ಅರ್ಧ ಖರ್ಚು ಕೊಡುತ್ತಿತ್ತು. ಕೊಟ್ಟದ್ದು ಗುಟ್ಟಾಗಿ ಉಳಿಯಬಾರದೆಂದು ಮಧುಗಿರಿ ತಾಲ್ಲೂಕಿಗೆ ಬಂದ ಹೊಸ ಅಮಲ್ದಾರರು, ದುಡ್ಡು ಪಡೆದವರ ಹೆಸರನ್ನು ಚಾವಡಿ ಮುಂದೆ ಊರೆಲ್ಲ ಕೇಳುವಂತೆ ಕೂಗುವ ಪದ್ಧತಿ ಮಾಡಿದ್ದರು. ಹೆಸರಿನವನು ಎದ್ದು ನಿಂತು, ದುಡ್ಡು ಕೈಸೇರಿದ್ದಕ್ಕೆ "ಬಂದದೆ ಬುದ್ಧಿ" ಅನ್ನಬೇಕು.

ಮಿಡಿಗೇಶಿಗೆ ಅವರು ಬಂದಾಗ ಮಟಮಟ ಮಧ್ಯಾಹ್ನ. ಕೋಟೆ ಬೆಟ್ಟದ ಬಂಡೆಯೆಲ್ಲ ಕಾದ ಹೆಂಚು. ನಾನು ನರಸಿಂಹಕ್ಕನ ಪಕ್ಕ ಕೂತಿದ್ದೆ. ಅವಳ ಗಂಡ ಬೋರಪ್ಪ ಹೋದ ಬೇಸಿಗೆಯಲ್ಲಿ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತಿದ್ದ. ಬಾವಿ ಅರ್ಧಕ್ಕೇ ನಿಂತಿತ್ತು. ಸರ್ಕಾರದ ದುಡ್ಡು ಸಿಕ್ಕಿದರೆ ಅದನ್ನು ಮುಗಿಸಬೇಕೆಂಬುದೊಂದೇ ಅವಳ ಆಸೆ. "ಸತ್ತೋರ ದುಡ್ಡು ವಾಪಸ್ ಹೋಯ್ತು ಕಣಮ್ಮ" ಎಂದು ಪಟೇಲ ಮೂಡಲಗಿರಿಯಪ್ಪ ಕೈ ಕೊಡವಿಬಿಟ್ಟಿದ್ದ.

ಅದು ಸುಳ್ಳೆಂದು ನನಗೆ ಗೊತ್ತಿತ್ತು. ಪಟೇಲನ ಆಳು ಪಾಲಪ್ಪ ಹೆಂಡದಂಗಡಿಯಲ್ಲಿ ಬಾಯಿಬಿಟ್ಟಿದ್ದ: ದುಡ್ಡು ಪಟೇಲನ ಹತ್ತಿರವೇ ಇದೆ, ಬೋರಪ್ಪನ ಹೆಸರು ಕೂಗಿದಾಗ ಅವನ ಬದಲು ಏಳಬೇಕಾದವನು ಈ ಪಾಲಪ್ಪನೇ. ಹೊಸ ಅಮಲ್ದಾರರಿಗೆ ಯಾರ ಮುಖ ಗೊತ್ತು? ಊರವರಿಗೋ ಪಟೇಲನ ಎದುರು ಬಾಯಿಲ್ಲ.

"ಅಂಜಬ್ಯಾಡ ಅಕ್ಕಾ," ನಾನು ಪಿಸುಗುಟ್ಟಿದೆ. "ಬೋರಣ್ಣನ ದನಿ ನಂಗೆ ಬತ್ತದೆ. ಹೆಸ್ರು ಕೂಗ್ತಿದ್ದಂಗೆ ಹಿಂದಿಂದ ಬುಡ್ತೀನಿ ನೋಡು: ಎಲೈ ಪಾಪಿ ಮೂಡಲಗಿರಿ! ಪರಲೋಕದಿಂದ ಬಂದಿರುವೆನು!"

"ನಿನ್ನ ಟೆಂಟ್ ಸಿನಿಮಾ ಮನೆ ಹಾಳಾಗ! ಅವ್ರು ಜೀವಮಾನದಾಗೆ ಯಾರ್ನೂ ಪಾಪಿ ಅಂದೋರಲ್ಲ ಕಣ್ಲಾ ಬೊಮ್ಮ. ಸುಮ್ಕಿರು."

ನಮ್ಮ ಕಡೆ ಮೊದಲ ಕೂಗಿಗೆ ಯಾರೂ ಓಗೊಡುವುದಿಲ್ಲ. ದೆವ್ವವಾದರೆ ಒಂದೇ ಸಲ ಕೂಗುತ್ತದೆ, ಮನುಷ್ಯನಾದರೆ ಇನ್ನೊಮ್ಮೆ ಕೂಗುತ್ತಾನೆ ಎಂದು ತೊಟ್ಟಿಲಲ್ಲೇ ಕಲಿತಿರುತ್ತೇವೆ. ಪಟೇಲ ಅದನ್ನು ಮರೆತಿದ್ದ.

"ಬೋರಪ್ಪ!" ಅಮಲ್ದಾರರು ಕೂಗಿದರು.

ಪಾಲಪ್ಪ ಎರಡನೇ ಕೂಗಿಗೆ ಕಾದು ಕೂತ. ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಕೆಮ್ಮು ಕೇಳಿಸಿತು. ಹೊಗೆಸೊಪ್ಪಿನ ಗಂಟಲಿನ ಕೆಮ್ಮು, ಬೋರಣ್ಣ ಕೆಮ್ಮುತ್ತಿದ್ದಂಥದೇ. ಆಮೇಲೆ ಮೆತ್ತಗೆ ಒಂದು ಮಾತು.

"ಇನ್ನೂ ಬಂದಿಲ್ಲ ಬುದ್ಧಿ."

ಎಲ್ಲರೂ ನನ್ನತ್ತ ತಿರುಗಿದರು. ನನ್ನ ಬಾಯಿ ತೆರೆದೇ ಇತ್ತು, ಅದರಿಂದ ಏನೂ ಹೊರಟಿರಲಿಲ್ಲ. ದನಿ ಬಂದದ್ದು ಚಾವಡಿಯ ಕಂಬದ ಬಳಿಯಿಂದ. ಅಲ್ಲಿ ಯಾರ ನೆರಳೂ ಇರಲಿಲ್ಲ.

"ಯಾರಯ್ಯಾ ಅದು? ಎದ್ದು ನಿಂತ್ಕೊ. ಬೋರಪ್ಪ!" ಅಮಲ್ದಾರರು ಎರಡನೇ ಸಲ ಕೂಗಿದರು.

ಪಟೇಲ ಪಾಲಪ್ಪನ ಪಕ್ಕೆಗೆ ತಿವಿದ. "ಏಳ್ಲಾ!"

"ನಾನೆಂಗೆ ಏಳ್ಲಿ ಪಟೇಲ್ರೇ? ಅವ್ನೇ ಬಂದ್ಬುಟ್ಟವ್ನೆ!" ಪಾಲಪ್ಪ ಓಡಿಹೋಗಿ ಅಮಲ್ದಾರರ ಕಾಲಿಗೆ ಬಿದ್ದ. "ಬೋರಪ್ಪ ಮಣ್ಣಾಗಿ ವರ್ಷ ಆತು ಬುದ್ಧಿ. ದುಡ್ಡು ಪಟೇಲ್ರ ತಾವದೆ!"

ಪಟೇಲನ ಮುಖ ಕೊನೆ ರೀಲಿನ ಖಳನಂತಾಯಿತು. ನಗಬೇಕೆಂದುಕೊಂಡೆ. ಆಗಲಿಲ್ಲ.

ತಿಂಗಳೊಳಗೆ ದುಡ್ಡು ನರಸಿಂಹಕ್ಕನ ಕೈ ಸೇರಿತು. ಆದರೆ ಆ ಬಾವಿಗೆ ಇಳಿಯಲು ಒಬ್ಬ ಕೂಲಿಯವನೂ ಒಪ್ಪಲಿಲ್ಲ. ಅಕ್ಕ ತಾನೇ ಸೆರಗು ಬಿಗಿದಳು.

"ಬಾವಿ ಮುಗೀಲಿ ಅಂತ್ಲೇ ಅವ್ರು ಬಂದಿದ್ದು. ಹಗ್ಗ ಹಿಡ್ಕೊ ಕಣ್ಲಾ ಬೊಮ್ಮ."

"ಅಕ್ಕಾ, ಆವತ್ತಿನ ದನಿ ನಂದಲ್ಲ. ನಿನ್ನಾಣೆ."

"ಗೊತ್ತು ಕಣ್ಲಾ. ಅಷ್ಟು ಮೆತ್ತಗೆ ಮಾತಾಡಾಕೆ ನಿಂಗೆಲ್ಲಿ ಬತ್ತದೆ?"

ಗುದ್ದಲಿ ಹಿಡಿದು ಇಳಿದಳು. ಸ್ವಲ್ಪ ಹೊತ್ತಿಗೆ ಕೆಳಗಿಂದ ಅವಳ ಮಾತು ಕೇಳಿಸಿತು. ಎತ್ತಿನ ಕಾಲುನೋವು, ಮಗಳಿಗೆ ಬಂದ ಗಂಡು. ಮಧ್ಯೆ ನಿಲ್ಲಿಸುತ್ತಿದ್ದಳು, ಹೂಂ ಅನ್ನುತ್ತಿದ್ದಳು, ಮತ್ತೆ ಮುಂದುವರಿಸುತ್ತಿದ್ದಳು. ಅವಳು ಸುಮ್ಮನೆ ನಿಂತು ಕೇಳುವಾಗಲೂ ಗುದ್ದಲಿಯ ಸದ್ದು ನಿಲ್ಲುತ್ತಿರಲಿಲ್ಲ.

ಮಣ್ಣು ತುಂಬಿದ ಮಂಕರಿ ಮೇಲೆ ಬಂತು. ಅಷ್ಟು ಬೇಗ ಒಬ್ಬ ಹೆಂಗಸು ತುಂಬಲಾರಳು. ನಾನು ಬಗ್ಗಿ ನೋಡಲಿಲ್ಲ. ಮಣ್ಣು ಸುರಿದು, ಬರಿ ಮಂಕರಿಯನ್ನು ಕೆಳಗೆ ಬಿಟ್ಟೆ.