ಎರಡು ಸಲ ಗಮನಿಸಿ

ಆ ರೈಲು ನಿಲ್ದಾಣಕ್ಕೆ ಗಾಡಿಗಳು ಹೊತ್ತಿಗೆ ಬರುತ್ತಿದ್ದವೋ ಇಲ್ಲವೋ, ಗಾಡಿಯಮ್ಮನ ದನಿ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಹಮಾಲರು ಇಟ್ಟ ಹೆಸರು ಅದು. ಹದಿನೇಳು ವರ್ಷದಿಂದ ಅವಳು ಎರಡನೇ ಪ್ಲಾಟ್‌ಫಾರಮ್ಮಿನ ತುದಿಯ ಗಾಜಿನ ಕೋಣೆಯಲ್ಲಿ ಕೂತು, ಯಾವ ಗಾಡಿ ಎಷ್ಟು ಹೊತ್ತಿಗೆ, ಎಷ್ಟು ತಡವಾಗಿ ಎಂದು ಮೈಕಿನಲ್ಲಿ ಹೇಳುತ್ತಿದ್ದಳು. ಅವಳ ಮುಖ ಕಂಡವರು ಹತ್ತು ಜನ. ದನಿ ಕೇಳಿದವರೆಷ್ಟು ಜನವೋ ಆ ದೇವರಿಗೇ ಗೊತ್ತು.

ಆ ದನಿಯನ್ನು ಎಲ್ಲರಿಗಿಂತ ಕಿವಿಗೊಟ್ಟು ಕೇಳುತ್ತಿದ್ದವನು ಯಾವ ಗಾಡಿಯನ್ನೂ ಹತ್ತುವವನಲ್ಲ. ನಿಲ್ದಾಣದ ಹಿಂದೆ ರೈಲ್ವೆ ಮನೆಗಳ ಸಾಲು. ಮೂರನೇ ಮನೆಯ ಕಿಟಕಿಯ ಪಕ್ಕ ಮಲಗಿರುತ್ತಿದ್ದ ಅವಳ ಗಂಡ. ಅವನೂ ರೈಲಿನವನೇ. ನಿಂತ ಗಾಡಿಯ ಗಾಲಿಗಳನ್ನು ಉದ್ದ ಹಿಡಿಯ ಸುತ್ತಿಗೆಯಿಂದ ತಟ್ಟಿ, ಸದ್ದಿನಲ್ಲೇ ಬಿರುಕು ಹಿಡಿಯುವುದು ಅವನ ಕೆಲಸವಾಗಿತ್ತು. ಕಿವಿಯಿಂದ ಅನ್ನ ದುಡಿದವನು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ನಿನ್ನೆ ಹೇಳಿದ್ದು ಇವತ್ತಿಗೆ ಉಳಿಯುತ್ತಿರಲಿಲ್ಲ. ಎದುರು ಗೋಡೆಯಲ್ಲಿ ಗಡಿಯಾರವಿತ್ತು. ಅದರ ಮುಳ್ಳುಗಳು ಕಾಣುತ್ತಿದ್ದವು, ಹೊತ್ತು ಕಾಣುತ್ತಿರಲಿಲ್ಲ. ಕಿವಿಯೊಂದನ್ನು ಮಾತ್ರ ಭಗವಂತ ಮುಟ್ಟದೆ ಬಿಟ್ಟಿದ್ದ.

ಗಾಡಿಯಮ್ಮ ಬೆಳಗಿನ ಜಾವ ಎದ್ದು ಅವನ ಮೈ ಒರೆಸಿ, ಮಗ್ಗುಲು ಹೊರಳಿಸಿ, ತುತ್ತಿಟ್ಟು, ಮಗಳ ಜಡೆ ಹೆಣೆದು, ಅವಳನ್ನು ಶಾಲೆಗೆ ಅಟ್ಟಿ, ಕೆಲಸಕ್ಕೆ ಓಡುವಳು. ಹೊರಡುವ ಮುಂಚೆ ಹೊಸ್ತಿಲಲ್ಲಿ ಒಂದು ಗಳಿಗೆ ಕಣ್ಣು ಮುಚ್ಚುವಳು. "ದೇವರೇ, ಇನ್ನೆರಡು ಕೈ ಕೊಡು ಅಂತ ಕೇಳೋಲ್ಲ. ಇರೋ ಎರಡು ಸೋಲದ ಹಾಗೆ ನೋಡ್ಕೋ." ಅಷ್ಟೇ ಅವಳ ಪೂಜೆ.

ಕಷ್ಟವೆಲ್ಲ ಹನ್ನೊಂದು ಗಂಟೆಯ ಮಾತ್ರೆಯದು. ರಕ್ತದೊತ್ತಡದ ಬಿಳಿ ಮಾತ್ರೆ, ದಿನಕ್ಕೆ ಒಂದೇ, ಹೊತ್ತು ತಪ್ಪಬಾರದು. ಮೈಕು ಬಿಟ್ಟು ಬರುವ ಹಾಗಿಲ್ಲ. ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು. ಬೇರೆ ಗಾಡಿಗಳಿಗೆಲ್ಲ "ಪ್ರಯಾಣಿಕರೇ, ದಯವಿಟ್ಟು ಗಮನಿಸಿ" ಎಂದು ಒಂದೇ ಸಲ ಹೇಳುವಳು. ಹನ್ನೊಂದರ ಗಾಡಿಗೆ ಮಾತ್ರ, "ದಯವಿಟ್ಟು ಗಮನಿಸಿ, ದಯವಿಟ್ಟು ಗಮನಿಸಿ" ಎಂದು ಎರಡು ಸಲ. ಅದು ಕಿವಿಗೆ ಬಿದ್ದಕೂಡಲೇ ಅವನು ಎಡಗೈ ಚಾಚಿ, ಪಕ್ಕದ ಸ್ಟೂಲಿನ ಮೇಲಿನ ಪಟ್ಟಿಯಿಂದ ಒಂದು ಮಾತ್ರೆ ಒತ್ತಿ ತೆಗೆದು ನುಂಗುವನು. ತಲೆಯಲ್ಲಿ ಉಳಿಯದ್ದು ದಿನಾ ಕೇಳಿ ಕೇಳಿ ಕೈಗೆ ರೂಢಿಯಾಗಿತ್ತು; ಒಂದು ದಿನವೂ ತಪ್ಪಲಿಲ್ಲ.

ಮುದಿ ಹಮಾಲನೊಬ್ಬ ಇದನ್ನು ಗಮನಿಸಿದ್ದ. "ಏನ್ ಗಾಡಿಯಮ್ಮಾ, ಹನ್ನೊಂದರ ಗಾಡೀಗೆ ಮಾತ್ರ ಯಾಕೆ ಎರಡು ಸಲ ಗಮನಿಸ್ಬೇಕು?"

"ಆ ಗಾಡಿ ಹತ್ತೋರೆಲ್ಲ ಕಿವುಡ್ರು, ಅಣ್ಣಾ."

"ಹಾಗಾದ್ರೆ ನಮ್ಮ ಸ್ಟೇಷನ್ ಮಾಸ್ತರು ಅದೇ ಗಾಡೀಲೇ ಬಂದಿರ್ಬೇಕು ಬಿಡಿ," ಎಂದು ಅವನು ಹಲ್ಲಿಲ್ಲದ ಬಾಯಿ ತುಂಬ ನಕ್ಕ.

ಹೀಗಿರುವಾಗ ನಿಲ್ದಾಣಕ್ಕೆ ಯಂತ್ರ ಬಂತು. ಇನ್ನು ಮೇಲೆ ಗಾಡಿಯ ಸುದ್ದಿಯನ್ನು ಅದೇ ಹೇಳುವುದು. ಆದರೆ ಯಂತ್ರಕ್ಕೂ ಒಂದು ಗಂಟಲು ಬೇಕಲ್ಲ! ಸ್ಟೇಷನ್ ಮಾಸ್ತರರು ಗಾಡಿಯಮ್ಮನದನ್ನೇ ಕೊಡಿಸಿದರು. ಯಂತ್ರದವನು ಒಂದು ಬೆಳಗು ಪೂರ್ತಿ ಅವಳನ್ನು ಕೂರಿಸಿಕೊಂಡು ಅಂಕಿ, ಗಂಟೆ, ನಿಮಿಷ, ಊರು ಎಲ್ಲವನ್ನೂ ಒಂದೊಂದಾಗಿ ಹೇಳಿಸಿಕೊಂಡ. ಎಲ್ಲ ಗಾಡಿಯ ಸುದ್ದಿಗೂ ಮೊದಲು ಬರುವ ಸಾಲನ್ನು ಹೇಳುವ ಹೊತ್ತಿಗೆ ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಎರಡು ವರ್ಷದಿಂದ ಹನ್ನೊಂದಕ್ಕೆ ಪಳಗಿದ ನಾಲಿಗೆ, ಅವಳನ್ನು ಕೇಳದೆಯೇ ಆ ಮಾತನ್ನು ಎರಡು ಸಲ ಆಡಿಬಿಟ್ಟಿತು.

"ಚೆನ್ನಾಗಿದೆ ಮೇಡಂ, ಒತ್ತಿ ಹೇಳಿದ ಹಾಗಿದೆ. ಹಾಗೇ ಇರಲಿ," ಎಂದ ಅವನು. ಅವಳ ಮನಸ್ಸು ಆಗಲೇ ಮನೆಯ ಸ್ಟೂಲಿನ ಮೇಲಿತ್ತು. ಅವನು ಏನು ಹೊಗಳಿದನೆಂದು ಕೂಡ ಯೋಚಿಸಲಿಲ್ಲ.

ಸೋಮವಾರದಿಂದ ಅವಳನ್ನು ಹಳಿಗಳ ಆಚೆಯ ಪಾರ್ಸೆಲ್ ಆಫೀಸಿಗೆ ಹಾಕಿದರು. ದಪ್ಪ ಗೋಡೆ, ತಳ್ಳುಗಾಡಿಗಳ ಗಡಗಡ. ಹೊರಗಿನ ಸದ್ದು ಒಳಗೆ ಬಾರದು. ಅಲ್ಲೊಂದು ಅನುಕೂಲವಿತ್ತು: ಹನ್ನೊಂದಕ್ಕೆ ಅರ್ಧ ಗಂಟೆ ಬಿಡುವು. ಹಿಂದಿನ ಸಂಜೆ ಗಂಡನ ಪಕ್ಕ ಕೂತು ಹೇಳಿದಳು: "ರೀ, ನಾಳೆಯಿಂದ ನಾನೇ ಬಂದು ಮಾತ್ರೆ ಕೊಡ್ತೀನಿ. ನೀವಾಗಿ ಮುಟ್ಟಬೇಡಿ."

"ಹೂಂ," ಎಂದ.

"ಏನಂದೆ ಹೇಳಿ ನೋಡೋಣ?"

"ನೀನೇ ಬರ್ತೀಯ." ಎಳೆಮಗುವಿನ ಹಾಗೆ ನಕ್ಕ. ಆ ನಗುವಿಗೆ ಸೋತು ಅವಳು ಮಾತ್ರೆಯ ಪಟ್ಟಿಯನ್ನು ಎತ್ತಿಡುವುದನ್ನೇ ಮರೆತಳು.

ಮರುದಿನ ಹನ್ನೊಂದಕ್ಕೆ ಐದು ನಿಮಿಷವಿದೆ ಎನ್ನುವಾಗ ಗಾಡಿಯಮ್ಮ ಪಾರ್ಸೆಲ್ ಆಫೀಸಿನ ಬಾಗಿಲು ದಾಟಿ ಹಳಿಗಳ ಮೇಲಿನ ಸೇತುವೆ ಹತ್ತಿದಳು. ಅರ್ಧ ದಾರಿಯಲ್ಲಿ ಧ್ವನಿವರ್ಧಕ ಮಾತಾಡಿತು. ತನ್ನದೇ ದನಿ! ಯಾರೋ ತನ್ನ ಸೀರೆ ಉಟ್ಟು ಎದುರು ಬಂದಂತಾಗಿ ಅವಳು ನಿಂತಳು.

"ಪ್ರಯಾಣಿಕರೇ, ದಯವಿಟ್ಟು ಗಮನಿಸಿ, ದಯವಿಟ್ಟು ಗಮನಿಸಿ."

ಅದು ಹನ್ನೊಂದರ ಗಾಡಿಯ ಸುದ್ದಿಯಲ್ಲ, ತಡವಾಗಿ ಹೊರಟ ಪ್ಯಾಸೆಂಜರಿನದು. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ಗಾಡಿ. ಅದಕ್ಕೂ ಎರಡು ಸಲ! ಬೆಳಿಗ್ಗೆ ಒಂಬತ್ತಕ್ಕೆ ಯಂತ್ರ ಶುರುವಾದಾಗಿನಿಂದ ಎಷ್ಟು ಗಾಡಿ ಹೋಗಿವೆ? ಅವಳು ಕೈಬೆರಳು ಮಡಿಸಲೂ ಹೋಗಲಿಲ್ಲ. ಚಪ್ಪಲಿ ಸೇತುವೆಯ ಮೇಲೆಯೇ ಉಳಿಯಿತು.

ಅವನು ದಿಂಬಿನಿಂದ ಜಾರಿ, ಮಂಚದ ಅಂಚಿಗೆ ತಲೆಯಿಟ್ಟು ಬಿದ್ದಿದ್ದ. ಹಣೆ ತಣ್ಣಗೆ, ತುಟಿ ಬಿಳಿಚಿತ್ತು. ಹೊಸ ಪಟ್ಟಿಯಲ್ಲಿ ಐದು ಗುಳಿ ಖಾಲಿ. ಐದನೆಯ ಮಾತ್ರೆ ಎಡಗೈಯ ಮುಷ್ಟಿಯಲ್ಲಿತ್ತು. ಮುಷ್ಟಿ ಬಿಡಿಸಿದರೆ ಬಿಡಲೊಲ್ಲ.

"ನೀನು ಹೇಳ್ದೆ," ಎಂದ, ಬಾವಿಯೊಳಗಿಂದ ಬಂದ ಹಾಗೆ. "ಹೇಳ್ದಾಗೆಲ್ಲ ತಗೊಂಡೆ."

ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. "ಹೊತ್ತಿಗೆ ಸರಿಯಾಗಿ ತಂದ್ರಿ," ಎಂದರು ಡಾಕ್ಟರು. ಹೊತ್ತು ಎಂಬ ಮಾತು ಕೇಳಿ ಅವಳಿಗೆ ಅಳು ಬಂತು.

ಸ್ಟೇಷನ್ ಮಾಸ್ತರರು ಒಳ್ಳೆಯವರು. ಸಂಗತಿ ಕೇಳಿ ಕುರ್ಚಿ ಬಿಟ್ಟೆದ್ದು ನಿಂತರು. "ನೋಡಮ್ಮಾ, ನಿನ್ನ ದನೀನೇ ಬೇಡಾಂದ್ರೆ ಹೇಳು. ಬೇರೆ ಊರಿನ ದನಿಯೊಂದು ರೆಡಿ ಇದೆ, ನಾಳೇನೇ ಹಾಕಿಸ್ತೀನಿ. ಇಲ್ಲಾಂದ್ರೆ ಆ ಎರಡನೇ ಮಾತೊಂದನ್ನ ಕತ್ತರಿಸಿ ತೆಗೆಸಬಹುದು. ಯಾವುದಾದ್ರೂ ಸರಿ, ನೀನೇ ಹೇಳ್ಬೇಕು."

"ನಾಳೆ ಹೇಳ್ತೀನಿ ಸಾರ್."

ಸಂಜೆ ಮಗಳು ಒಲೆಯ ಮುಂದೆ ನಿಂತು ಪಾತ್ರೆ ಕಲಕುತ್ತಿದ್ದಳು. "ಆ ಮೆಷಿನ್ ನೋಡಿದ್ರೇ ಮೈ ಉರಿಯತ್ತೆ ನಂಗೆ. ತೆಗ್ಸಿಬಿಡಮ್ಮ."

"ತೆಗೆಸಿದ್ರೆ ಬೆಳಗಿಂದ ನೀನು ಬರೋ ತನಕ ಈ ಮನೇಲಿ ಅಪ್ಪನ್ನ ಮಾತಾಡಿಸೋರು ಯಾರೇ?"

"ಅದು ಅಪ್ಪನ್ನ ಮಾತಾಡಿಸಲ್ವಲ್ಲಮ್ಮ. ಗಾಡಿ ಹತ್ತೋರನ್ನ ಮಾತಾಡಿಸತ್ತೆ."

"ನಾನೂ ಹದಿನೇಳು ವರ್ಷ ಅದನ್ನೇ ಮಾಡಿದ್ದು ಕಣೇ. ಆದ್ರೂ ಅವರಿಗೆ ಕೇಳಿಸ್ತಲ್ಲ."

ಮರುದಿನ ಎರಡನೆಯ ಮಾತನ್ನು ಕತ್ತರಿಸಿ ತೆಗೆದರು, ದನಿಯನ್ನು ಹಾಗೇ ಉಳಿಸಿದರು. ಮಾತ್ರೆಯ ಪಟ್ಟಿ ಸ್ಟೂಲಿನಿಂದ ಗಾಡಿಯಮ್ಮನ ಕೈಚೀಲಕ್ಕೆ ಬಂತು.

ಅವನು ಮನೆಗೆ ಬಂದ ಮರುದಿನ ಹನ್ನೊಂದಕ್ಕೆ ಅವಳು ಏದುಸಿರು ಬಿಡುತ್ತ ಒಳಗೆ ಬಂದಳು. "ರೀ, ಮಾತ್ರೆ," ಎಂದಳು. ಅವನು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ಹೊರಗೆ ಧ್ವನಿವರ್ಧಕ ಮಾತಾಡುತ್ತಿತ್ತು. ಎಡಗೈ ಎತ್ತಿ, "ಶ್... ಅವಳು ಹೇಳ್ತಿದ್ದಾಳೆ," ಎಂದ.

ಮೊದಲ ದಿನ ಅವಳಿಗೆ ನಗು ಬಂತು. ಸಂಜೆ ಮಗಳಿಗೆ ಹೇಳಿ ಅವಳನ್ನೂ ನಗಿಸಿದಳು. "ನನಗೇ ಬಾಯಿ ಮುಚ್ಚು ಅಂದ್ರು ನೋಡು ನಿಮ್ಮಪ್ಪ!" ಎರಡನೆಯ ದಿನವೂ ಹಾಗೇ ಆಯಿತು. ಮಾತ್ರೆ ಬಾಯಿಗಿಟ್ಟರೆ ತುಟಿ ಬಿಗಿಹಿಡಿದ. ಅವಳು ಹೊರಗೆ ಮಾತಾಡುತ್ತಿದ್ದರೆ ಒಳಗಿದ್ದವಳು ಯಾರೋ; ಗುರುತಿಲ್ಲದವರ ಕೈಯಿಂದ ಯಾರು ತಾನೇ ನುಂಗುತ್ತಾರೆ? ಹೇಗೋ ಪುಸಲಾಯಿಸಿ ನುಂಗಿಸಿದಳು. ಆ ಸಂಜೆ ಮಗಳಿಗೆ ಹೇಳಲಿಲ್ಲ. ಮೂರನೆಯ ದಿನ ಸೇತುವೆ ಇಳಿಯುವಾಗ ತನ್ನ ದನಿ ತನಗಿಂತ ಮುಂದೆ ಮುಂದೆ ಮನೆಯ ಕಡೆ ಹೋಗುವುದನ್ನು ಕೇಳಿದಳು. ಅದಕ್ಕೆ ಏದುಸಿರಿಲ್ಲ, ಬೆವರಿಲ್ಲ, ಕೈಯಲ್ಲಿ ಪಾರ್ಸೆಲ್ ಅಂಟಿನ ಕರೆಯಿಲ್ಲ. ಇಷ್ಟು ದೊಡ್ಡ ನಿಲ್ದಾಣದಲ್ಲಿ ತನ್ನ ಮೇಲೆ ತನಗೇ ಹೊಟ್ಟೆಕಿಚ್ಚು ಪಟ್ಟವಳು ತಾನೊಬ್ಬಳೇ ಇರಬೇಕು ಎನಿಸಿತು.

ಹೊಸ್ತಿಲಲ್ಲಿ ನಿಂತು ಕಣ್ಣು ಮುಚ್ಚಿದಳು. ಈ ಸಲ ಏನನ್ನೂ ಕೇಳಲಿಲ್ಲ. ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತಳು. ಹೊರಗಿನ ಮಾತು ಮುಗಿಯುವವರೆಗೆ ಕಾದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಎದುರು ಮೈಕು ಇದ್ದ ಹಾಗೆ, ಹಳೆಯ ದನಿಯಲ್ಲಿ ಮೆಲ್ಲಗೆ ಹೇಳಿದಳು:

"ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ದಯವಿಟ್ಟು ಗಮನಿಸಿ."

ಅವನ ಮುಖ ನಿಧಾನವಾಗಿ ಇತ್ತ ತಿರುಗಿತು. ಎಡಗೈ ಚಾಚಿತು, ಅಂಗೈ ಬಿಚ್ಚಿತು.

"ಬಂದ್ಯಾ?"

"ಬಂದೆ ರೀ."

"ತಡ ಆಯ್ತಲ್ಲೇ."

"ಹತ್ತು ನಿಮಿಷ. ತಡಕ್ಕೆ ಕ್ಷಮೆ ಇರಲಿ."

ಅವನು ನಕ್ಕು ಮಾತ್ರೆ ನುಂಗಿದ. ಅವಳು ನೀರಿನ ಲೋಟವನ್ನು ತುಟಿಯಿಂದ ತೆಗೆಯುವಷ್ಟರಲ್ಲಿ ಹೊರಗೆ ಮತ್ತೆ ದನಿ ಎದ್ದಿತು, ಅವನ ಮುಖ ಕಿಟಕಿಯ ಕಡೆ ಹೊರಳಿತು. ಕೈ ಮಾತ್ರ ಅವಳ ಕೈಯಲ್ಲೇ ಇತ್ತು. ಮರಳಿ ಹೋಗಲು ಇನ್ನೂ ಒಂಬತ್ತು ನಿಮಿಷವಿತ್ತು. ಗಾಡಿಯಮ್ಮ ಸದ್ದು ಮಾಡದೆ ಕೂತು, ಮುಂದಿನ ಗಾಡಿ ಯಾವುದೆಂದು ಅವನ ಜೊತೆ ಕೇಳಿಸಿಕೊಂಡಳು.